ಹಳೆಯ ಮಾದರಿಯ ಓವರ್‌ಡ್ರೈವ್ ಪೆಡಲ್ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಗಿಟಾರಿನ ಸದ್ದನ್ನು ಬೇಕೆಂದೇ ಒರಟಾಗಿಸುವ ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ ಪೆಡಲ್ ಕೆಟ್ಟಿತು ಎಂದ ಕೂಡಲೇ ಹೆಚ್ಚಿನವರ ಅನುಮಾನ ಹೋಗುವುದು ಬೋರ್ಡಿನ ನಡುವೆ ಕೂತಿರುವ ಎಂಟು ಕಾಲಿನ 4558 ಐಸಿಯ (ಸದ್ದನ್ನು ದೊಡ್ಡದು ಮಾಡುವ ಚಿಪ್) ಮೇಲೆ. ಅದನ್ನು ಕಿತ್ತು ಹೊಸದು ಹಾಕುತ್ತಾರೆ. ದೋಷ ಹಾಗೇ ಇರುತ್ತದೆ, ಜತೆಗೆ ಬೋರ್ಡಿನ ಒಂದೆರಡು ಪ್ಯಾಡ್ (ಭಾಗಗಳ ಕಾಲನ್ನು ಬೆಸೆಯುವ ತಾಮ್ರದ ಚುಕ್ಕೆ) ಎದ್ದುಬಂದಿರುತ್ತವೆ. ನನ್ನ ಬೆಂಚಿಗೆ ಬಂದ ಇಂಥ ಪೆಡಲ್‌ಗಳಲ್ಲಿ ಐಸಿ ನಿಜವಾಗಿ ಸತ್ತಿದ್ದು ಅಪರೂಪ. ಕೈಕೊಡುವುದು ಜ್ಯಾಕ್, ಕರೆಂಟಿನ ದಾರಿ, ಕಾಲಲ್ಲಿ ಒತ್ತುವ ಸ್ವಿಚ್, ಇಲ್ಲವೇ ಎಲ್ಲೋ ಒಂದು ಕಡೆ ಸರಿಯಾಗಿ ಹಿಡಿಯದ ಬೆಸುಗೆ. ಆದ್ದರಿಂದ ಇಲ್ಲಿನ ಕ್ರಮ ಹೊರಗಿನಿಂದ ಒಳಕ್ಕೆ. ಸೋಲ್ಡರಿಂಗ್ ಐರನ್ ಬಿಸಿಮಾಡುವ ಮಾತು ಬಹಳ ಆಮೇಲೆ.

ಜಪಾನಿನ ನಿಶ್ಶಿನ್ ಓನ್ಪಾ ಕಂಪನಿಯ ಸುಸುಮು ತಮುರಾ ರೂಪಿಸಿದ ಸರ್ಕ್ಯೂಟ್ ಇದು. ಐಬನೆಜ್ ಹೆಸರಿನಲ್ಲಿ 1979ರ ಸುಮಾರಿಗೆ ಟಿಎಸ್808 ಆಗಿ, 1982ರ ಸುಮಾರಿಗೆ ಟಿಎಸ್9 ಆಗಿ ಹೊರಬಂತು. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಅವರ ಕಾಲಬುಡದಲ್ಲಿ ಇದ್ದದ್ದು ಇದೇ ಹಸಿರು ಡಬ್ಬಿ. ಇವತ್ತು ವಿಂಟೇಜ್ ಓವರ್‌ಡ್ರೈವ್ ಎಂದು ಸಿಗುವ ಪೆಡಲ್‌ಗಳಲ್ಲೂ ಮನೆಯಲ್ಲಿ ಜೋಡಿಸುವ ಕಿಟ್‌ಗಳಲ್ಲೂ ಬಹಳಷ್ಟು ಇದರದೇ ನಕಲು ಅಥವಾ ಸಣ್ಣ ತಿದ್ದುಪಡಿ. ಒಳಗಿನ ದಾರಿ ಗೊತ್ತಿದ್ದರೆ ಹುಡುಕಾಟ ಅರ್ಧ ಮುಗಿದ ಹಾಗೆ: ಇನ್‌ಪುಟ್ ಜ್ಯಾಕಿನಿಂದ ಸದ್ದು ಮೊದಲ ಟ್ರಾನ್ಸಿಸ್ಟರಿಗೆ ಹೋಗುತ್ತದೆ. ಅಲ್ಲಿಂದ ಐಸಿಯ ಮೊದಲ ಅರ್ಧಕ್ಕೆ ಬಂದು ದೊಡ್ಡದಾಗಿ, ಎರಡು ಡಯೋಡ್‌ಗಳಿಂದ ತಲೆ ಸವರಿಸಿಕೊಳ್ಳುತ್ತದೆ (ಕ್ಲಿಪ್ಪಿಂಗ್ ಎನ್ನುವುದು ಇದನ್ನೇ). ಆಮೇಲೆ ಐಸಿಯ ಎರಡನೇ ಅರ್ಧದ ಸುತ್ತ ಇರುವ ಟೋನ್ ಭಾಗ, ವಾಲ್ಯೂಮ್ ಪಾಟ್ (ಗುಂಡಿಯಿಂದ ತಿರುಗಿಸುವ ರೆಸಿಸ್ಟರ್), ಕೊನೆಯ ಟ್ರಾನ್ಸಿಸ್ಟರ್, ಔಟ್‌ಪುಟ್ ಜ್ಯಾಕ್. ಇಷ್ಟೇ.

ಮುಚ್ಚಳ ತೆಗೆಯುವ ಮೊದಲು

ಪೆಡಲನ್ನು ದಾರಿಯಿಂದ ಪೂರ್ತಿ ತೆಗೆದು, ಗಿಟಾರಿನ ಕೇಬಲನ್ನು ನೇರ ಆಂಪ್ಲಿಫೈಯರಿಗೆ ಹಾಕಿ ನುಡಿಸಿ. ಅದೇ ಗಿಟಾರು, ಅದೇ ಕೇಬಲ್, ಅದೇ ಆಂಪ್ ಇರಲಿ. ಸದ್ದು ಸರಿ ಬಂದರೆ ಎರಡನೇ ಕೇಬಲನ್ನೂ ಹೀಗೇ ಒಂಟಿಯಾಗಿ ಪರೀಕ್ಷಿಸಿ. ಪ್ಲಗ್ ಹತ್ತಿರ ಕೇಬಲನ್ನು ಅತ್ತಿತ್ತ ಬಗ್ಗಿಸಿದಾಗ ಸದ್ದು ಹೋಗಿ ಬಂದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಈ ಜಾತಿಯ ಪೆಡಲ್‌ಗಳಲ್ಲಿ ನಮ್ಮ ಕಡೆ ಮುಖ ಮಾಡಿಟ್ಟಾಗ ಇನ್‌ಪುಟ್ ಬಲಗಡೆ, ಔಟ್‌ಪುಟ್ ಎಡಗಡೆ ಇರುತ್ತದೆ. ವೇದಿಕೆಯ ಅರೆಬೆಳಕಿನಲ್ಲಿ ಅದಲುಬದಲಾಗುವುದು ಸಾಮಾನ್ಯ.

ಈಗ ಪೆಡಲ್ ಹಾಕಿ, ಸ್ವಿಚ್ ಆಫ್ ಇರುವಾಗ ಸದ್ದು ಹೇಗಿದೆ, ಆನ್ ಆದಾಗ ಹೇಗಿದೆ ಎಂದು ಎರಡನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ಆಫ್‌ನಲ್ಲಿ ಸದ್ದು ಬಂದು ಆನ್‌ನಲ್ಲಿ ಬರದಿದ್ದರೆ ಎರಡೂ ಜ್ಯಾಕ್ ಬಹುತೇಕ ಸರಿ ಇವೆ, ದೋಷ ಬೋರ್ಡಿನಲ್ಲೋ ಕರೆಂಟಿನಲ್ಲೋ ಇದೆ. ಎರಡರಲ್ಲೂ ಸದ್ದಿಲ್ಲದಿದ್ದರೆ ಮೊದಲು ಜ್ಯಾಕ್ ಮತ್ತು ಸ್ವಿಚ್ ನೋಡಬೇಕು. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಮೂಲ ಟಿಎಸ್808, ಟಿಎಸ್9 ಪೆಡಲ್‌ಗಳಲ್ಲಿ ಆಫ್ ಇದ್ದಾಗಲೂ ಸದ್ದು ಟ್ರಾನ್ಸಿಸ್ಟರ್‌ಗಳ ಮೂಲಕವೇ ಸಾಗುತ್ತದೆ, ಹಾಗಾಗಿ ಕರೆಂಟಿಲ್ಲದಿದ್ದರೆ ಆಫ್‌ನಲ್ಲೂ ಮೌನ. ಒಂಬತ್ತು ಕಾಲಿನ ಟ್ರೂ ಬೈಪಾಸ್ ಸ್ವಿಚ್ (ಆಫ್ ಇದ್ದಾಗ ಸದ್ದನ್ನು ಬೋರ್ಡಿಗೆ ಕಳಿಸದೆ ನೇರ ದಾಟಿಸುವುದು) ಹಾಕಿದ ಈಗಿನ ನಕಲುಗಳಲ್ಲಿ ಕರೆಂಟಿಲ್ಲದಿದ್ದರೂ ಆಫ್‌ನಲ್ಲಿ ಸದ್ದು ಹಾಯ್ದುಹೋಗುತ್ತದೆ. ನಿಮ್ಮದು ಯಾವ ಬಗೆ ಎಂದು ತಿಳಿಯದೆ ತೀರ್ಮಾನಕ್ಕೆ ಬರಬೇಡಿ.

ಎಲ್‌ಇಡಿ ಹೊತ್ತಿದೆ ಎಂದರೆ ಎಲ್‌ಇಡಿಗೆ ಕರೆಂಟ್ ತಲುಪಿದೆ ಎಂದಷ್ಟೇ ಅರ್ಥ. ಐಸಿಗೂ ತಲುಪಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಕರೆಂಟು

ಇದಕ್ಕೆ ಬೇಕಾದ್ದು 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್, ಹೊರಗಿನ ಬಳೆ ಪಾಸಿಟಿವ್. ಎಳೆದುಕೊಳ್ಳುವ ಕರೆಂಟ್ 10 ಮಿಲಿಆಂಪಿನ ಆಸುಪಾಸು ಮಾತ್ರ. ಮನೆಯಲ್ಲಿ ಬಿದ್ದಿರುವ ವೈಫೈ ರೂಟರಿನ, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರುಗಳು ಬಹುತೇಕ 12 ವೋಲ್ಟಿನವು, ನಡುವಿನ ಪಿನ್ ಪಾಸಿಟಿವ್. ಪ್ಲಗ್ ಪೆಡಲಿನೊಳಕ್ಕೆ ಸಲೀಸಾಗಿ ಕೂರುತ್ತದೆ, ಅದೇ ಅಪಾಯ. 12 ವೋಲ್ಟನ್ನು ಐಸಿ ತಡೆದುಕೊಳ್ಳುತ್ತದೆ, 4558ರ ಮಿತಿ ಅದಕ್ಕಿಂತ ಬಹಳ ಮೇಲಿದೆ. ಕೊಲ್ಲುವುದು ತಿರುಗುಮುರುಗಾದ ಧ್ರುವ. ಬೋರ್ಡಿನಲ್ಲಿ ಕರೆಂಟಿನ ದಾರಿಗೆ ಅಡ್ಡಲಾಗಿ 1ಎನ್4001 ತರಹದ ರಕ್ಷಣಾ ಡಯೋಡ್ ಇದ್ದರೆ ಅದು ತಾನು ಸುಟ್ಟು ಉಳಿದದ್ದನ್ನು ಕಾಯುತ್ತದೆ. ಹೀಗೆ ಶಾರ್ಟ್ ಆದ ಡಯೋಡ್ ಇರುವ ಪೆಡಲಿಗೆ ಯಾವ ಅಡಾಪ್ಟರ್ ಹಾಕಿದರೂ ಅಡಾಪ್ಟರಿನ ದೀಪವೇ ಆರುತ್ತದೆ ಅಥವಾ ಮಿಣುಕುತ್ತದೆ. ಆ ಒಂದು ಡಯೋಡ್ ಬದಲಿಸಿದರೆ ಪೆಡಲ್ ಹೆಚ್ಚಿನ ಸಲ ಜೀವಂತ. ಅಂಥ ಡಯೋಡ್ ಇಲ್ಲದ ಬೋರ್ಡಿನಲ್ಲಿ ಉಲ್ಟಾ ಕರೆಂಟ್ ಹೋಗಿದ್ದರೆ ಐಸಿಯನ್ನೂ ಕರೆಂಟಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೂ ಅನುಮಾನಿಸುವುದು ನ್ಯಾಯ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗಿಟ್ಟು, ಅಡಾಪ್ಟರ್ ಪ್ಲಗ್‌ನಲ್ಲೇ ಅಳೆಯಿರಿ. ಕೆಂಪು ಕಡ್ಡಿ ಹೊರಬಳೆಗೆ, ಕಪ್ಪು ಕಡ್ಡಿ ನಡುವಿನ ತೂತಿಗೆ. ಮೈನಸ್ ಚಿಹ್ನೆ ಬಂದರೆ ಆ ಅಡಾಪ್ಟರನ್ನು ಪೆಡಲಿನಿಂದ ದೂರವಿಡಿ.

ಬ್ಯಾಟರಿಯಲ್ಲಿ ನಡೆಯುವಾಗ ಇನ್ನೊಂದು ವಿಷಯ. ಇನ್‌ಪುಟ್ ಜ್ಯಾಕ್ ಸ್ಟೀರಿಯೋ ಬಗೆಯದು. ಬ್ಯಾಟರಿಯ ನೆಗೆಟಿವ್ ತಂತಿ ಅದರ ರಿಂಗ್ ಕಾಲಿಗೆ ಹೋಗುತ್ತದೆ. ಮಾಮೂಲಿ ಗಿಟಾರ್ ಪ್ಲಗ್ ಒಳಹೊಕ್ಕಾಗ ಅದರ ಮೈ ರಿಂಗನ್ನೂ ನೆಲವನ್ನೂ (ಗ್ರೌಂಡ್, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ದಾರಿ) ಒಂದಾಗಿಸಿ ಪೆಡಲನ್ನು ಎಬ್ಬಿಸುತ್ತದೆ. ಆದ್ದರಿಂದ ಇನ್‌ಪುಟ್‌ನಲ್ಲಿ ಕೇಬಲ್ ಇಲ್ಲದೆ ಬ್ಯಾಟರಿ ಪರೀಕ್ಷೆ ಮಾಡಿದರೆ ಯಾವ ಪೆಡಲೂ ಸತ್ತಂತೆಯೇ ಕಾಣುತ್ತದೆ. ರಾತ್ರಿಯಿಡೀ ಕೇಬಲ್ ಚುಚ್ಚಿಟ್ಟು ಬೆಳಿಗ್ಗೆ ಬ್ಯಾಟರಿ ಖಾಲಿಯಾಗಿದ್ದರೆ ಅದು ದೋಷವೂ ಅಲ್ಲ. ಕೇಬಲ್ ತೆಗೆದಿಟ್ಟರೂ ಖಾಲಿಯಾಗುತ್ತಿದ್ದರೆ ಆ ರಿಂಗ್ ಕಾಲು ಡಬ್ಬಿಗೆ ತಾಗಿದೆಯೇ ನೋಡಿ. ಅಡಾಪ್ಟರಿನಲ್ಲಿ ನಡೆದು ಬ್ಯಾಟರಿಯಲ್ಲಿ ಮಾತ್ರ ನಡೆಯದಿದ್ದರೆ ಅನುಮಾನ ಎರಡು ಕಡೆ: ಬ್ಯಾಟರಿ ಕ್ಯಾಪಿನ ಹತ್ತಿರ ತುಂಡಾದ ತಂತಿ, ಅಥವಾ ಡಿಸಿ ಜ್ಯಾಕಿನೊಳಗೆ ಪ್ಲಗ್ ಹೊಕ್ಕಾಗ ಬ್ಯಾಟರಿಯನ್ನು ಬಿಡಿಸುವ ಪುಟ್ಟ ತಗಡಿನ ತುದಿ ಕಿಲುಬು ಹಿಡಿದಿರುವುದು.

ಕಿಲುಬಿನ ಮಾತು ಬಂದದ್ದರಿಂದ ಕರಾವಳಿಯ ವಾದಕರಿಗೆ ಎರಡು ಮಾತು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲ ಕಳೆದ ಪೆಡಲ್ ತೆರೆದರೆ ಜ್ಯಾಕಿನ ಒಳಮೈಯಲ್ಲಿ ಹಸಿರು ಪುಡಿ, ಸ್ವಿಚ್ಚಿನ ಕಾಲುಗಳ ಮೇಲೆ ಮಂಕು ಪದರ ಕಾಣುವುದು ಮಾಮೂಲು. ಇಂಥ ಕಡೆ ಬೋರ್ಡ್ ಮುಟ್ಟುವುದಕ್ಕಿಂತ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದ ಪ್ಲಗ್ಗನ್ನು ಜ್ಯಾಕಿನಲ್ಲಿ ಹತ್ತಾರು ಸಲ ಹಾಕಿ ತೆಗೆಯಿರಿ. ಅರ್ಧ ಕಾಯಿಲೆ ಇಷ್ಟರಲ್ಲೇ ವಾಸಿಯಾಗುತ್ತದೆ.

ಜ್ಯಾಕ್, ಸ್ವಿಚ್

ಮುಚ್ಚಳ ತೆಗೆದ ಮೇಲೆ ಮೊದಲ ಐದು ನಿಮಿಷ ಬರೀ ಕಣ್ಣಿಗೆ ಕೊಡಿ. ಒಳ್ಳೆಯ ಬೆಳಕು, ಸಾಧ್ಯವಾದರೆ ಭೂತಗನ್ನಡಿ. ಹೊಳೆಯುವ, ಪ್ಯಾಡಿನಿಂದ ಕಾಲಿನ ಮೇಲಕ್ಕೆ ಹತ್ತಿದ ಬೆಸುಗೆ ಒಳ್ಳೆಯದು. ಉಂಡೆಯಾಗಿ ಕೂತದ್ದು ಅಥವಾ ಕಾಲಿನ ಸುತ್ತ ಕೂದಲೆಳೆಯಂಥ ಉಂಗುರದ ಬಿರುಕು ಇರುವುದು ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ. ಸೀಸವಿಲ್ಲದ ಬೆಸುಗೆ ಸಹಜವಾಗಿಯೇ ಸ್ವಲ್ಪ ಮಂಕಾಗಿರುತ್ತದೆ, ಮಂಕು ಎಂಬ ಒಂದೇ ಕಾರಣಕ್ಕೆ ಅದನ್ನು ಕೆದಕಬೇಡಿ. ಒಣಗಿದ ಮರದ ಕಡ್ಡಿಯಿಂದ, ಪೆಡಲ್ ಆನ್ ಇರುವಾಗ, ಒಂದೊಂದೇ ತಂತಿಯನ್ನೂ ಭಾಗವನ್ನೂ ಮೆಲ್ಲಗೆ ತಳ್ಳಿ. ಯಾವುದನ್ನು ತಳ್ಳಿದಾಗ ಸದ್ದು ಕಡಿದು ಬರುತ್ತದೋ ಅದರ ಬುಡದಲ್ಲೇ ದೋಷವಿದೆ.

ಟ್ರೂ ಬೈಪಾಸ್ ಸ್ವಿಚ್ಚಿಗೆ ಮೂರು ಸಾಲು, ಒಂಬತ್ತು ಕಾಲು. ಮೀಟರನ್ನು ಕಂಟಿನ್ಯುಯಿಟಿಗೆ (ಎರಡು ಬಿಂದು ಕೂಡಿದ್ದರೆ ಬೀಪ್ ಅನ್ನುವ ಸ್ಥಾನ) ಇಟ್ಟರೆ ಪ್ರತಿ ಸಾಲಿನ ನಡುವಿನ ಕಾಲು ಒಂದು ಒತ್ತಿಗೆ ಒಂದು ತುದಿಯ ಜತೆ, ಇನ್ನೊಂದು ಒತ್ತಿಗೆ ಇನ್ನೊಂದು ತುದಿಯ ಜತೆ ಬೀಪ್ ಅನ್ನಬೇಕು. ಹತ್ತು ಸಲ ಒತ್ತಿ ನೋಡಿ. ಒಂದೇ ಒಂದು ಸಲ ತಪ್ಪಿದರೂ ಸ್ವಿಚ್ ಬದಲಿಸುವುದೇ ಸರಿ. ಬೆಸೆಯುವಾಗ ಕಾಲಿಗೆ ಬಿಸಿ ಹೆಚ್ಚಾದರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ಓರೆಯಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ತಾಗುವುದಿಲ್ಲ. ಹೊಸ ಕಿಟ್ ಜೋಡಿಸಿದ ದಿನವೇ ಕೈಕೊಟ್ಟಿತು ಎನ್ನುವವರು ಇದನ್ನು ಮೊದಲು ನೋಡಲಿ. ಮೂಲ ಮಾದರಿಯ ಪೆಡಲ್‌ನಲ್ಲಿ ಇರುವುದು ಕ್ಷಣ ಮಾತ್ರ ತಾಗುವ ಚಿಕ್ಕ ಸ್ವಿಚ್. ಆನ್-ಆಫ್ ಕೆಲಸ ಮಾಡುವುದು ಬೋರ್ಡಿನ ಮೇಲಿನ ಎಲೆಕ್ಟ್ರಾನಿಕ್ ಸ್ವಿಚ್, ಅಂದರೆ ಫ್ಲಿಪ್‌ಫ್ಲಾಪ್ ಮತ್ತು ಎಫ್‌ಇಟಿಗಳು. ಒತ್ತಿದರೂ ಎಲ್‌ಇಡಿ ಬದಲಾಗದಿದ್ದರೆ ಆ ಚಿಕ್ಕ ಸ್ವಿಚ್ಚಿನ ಎರಡು ಕಾಲನ್ನು ತಂತಿಯಿಂದ ಒಂದು ಕ್ಷಣ ಮುಟ್ಟಿಸಿ. ಆಗ ಬದಲಾದರೆ ಸವೆದದ್ದು ಸ್ವಿಚ್ ಮಾತ್ರ.

ಮೀಟರ್ ಹೇಳುವುದು

ಈಗ ಐಸಿಯ ಕಾಲುಗಳು. ಗುರುತಿನ ಚುಕ್ಕೆ ಅಥವಾ ಕಚ್ಚು ಇರುವ ಕಡೆಯಿಂದ ಎಣಿಸಿ. ಕಪ್ಪು ಕಡ್ಡಿಯನ್ನು ಜ್ಯಾಕಿನ ನೆಲದ ಕಾಲಿಗೆ ಕ್ಲಿಪ್ ಮಾಡಿ. ಎಂಟನೇ ಕಾಲಿನಲ್ಲಿ 9 ವೋಲ್ಟಿನ ಹತ್ತಿರ, ನಾಲ್ಕನೆಯದರಲ್ಲಿ ಸೊನ್ನೆ, ಉಳಿದ ಆರರಲ್ಲೂ ಸುಮಾರು 4.5 ವೋಲ್ಟ್ ಬರಬೇಕು. ಈ 4.5 ಹುಟ್ಟುವುದು ಎರಡು 10 ಕಿಲೋಓಮ್ ರೆಸಿಸ್ಟರ್‌ಗಳ ನಡುವೆ, ಅದನ್ನು ಸ್ಥಿರವಾಗಿ ಹಿಡಿಯುವುದು 47 ಮೈಕ್ರೋಫ್ಯಾರಡ್ ಕೆಪಾಸಿಟರ್. ಗಿಟಾರಿನ ಸದ್ದು ಈ ನಡುಮಟ್ಟದಿಂದ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ನಡುಮಟ್ಟ 2 ವೋಲ್ಟಿಗೆ ಕುಸಿದರೆ ಕೆಳಗೆ ಆಡಲು ಜಾಗವೇ ಇರುವುದಿಲ್ಲ. ಆಗ ಬರುವ ಸದ್ದನ್ನು ಒಮ್ಮೆ ಕೇಳಿದರೆ ಮರೆಯಲಾಗದು: ಜೋರಾಗಿ ನುಡಿಸಿದಾಗ ಹರಕು ಹರಕಾಗಿ ಬಂದು, ಸ್ವರ ತಾನಾಗಿ ಕರಗುವ ಮೊದಲೇ ಪಟ್ಟನೆ ಕಡಿದುಹೋಗುತ್ತದೆ. ಬ್ಯಾಟರಿ ಹೊಸದಿದ್ದೂ ಹೀಗಾದರೆ ಆ 47 ಮೈಕ್ರೋಫ್ಯಾರಡ್ ಸೋರುತ್ತಿದೆ ಅಥವಾ 9 ವೋಲ್ಟಿನ ಕಡೆಯ 10 ಕಿಲೋಓಮ್‌ನ ಬೆಸುಗೆ ಸರಿಯಾಗಿ ಹಿಡಿದಿಲ್ಲ.

ಟ್ರಾನ್ಸಿಸ್ಟರ್‌ಗಳ ಬೇಸಿನಲ್ಲಿ 4.5ಕ್ಕಿಂತ ಒಂದಿಷ್ಟು ಕಡಿಮೆ ಕಂಡರೆ ಗಾಬರಿ ಬೇಡ. ಅಲ್ಲಿಗೆ ವೋಲ್ಟೇಜ್ ಬರುವುದು 510 ಕಿಲೋಓಮ್ ಮೂಲಕ, ಟ್ರಾನ್ಸಿಸ್ಟರಿನ ಬೇಸೂ ಮೀಟರೂ ಅದರಲ್ಲಿ ತುಸು ಕುಡಿಯುತ್ತವೆ. ಎಮಿಟರ್ ಬೇಸಿಗಿಂತ ಸುಮಾರು 0.6 ವೋಲ್ಟ್ ಕೆಳಗಿದ್ದರೆ ಅದು ಕೆಲಸ ಮಾಡುತ್ತಿದೆ. ಬದಲಿ ಟ್ರಾನ್ಸಿಸ್ಟರ್ ಹಾಕಿದ ಬೋರ್ಡಿನಲ್ಲಿ ಈ ಲೆಕ್ಕ ತಪ್ಪಿದರೆ ಕಾಲುಗಳ ಕ್ರಮ ನೋಡಿ. ಜಪಾನಿನ 2ಎಸ್‌ಸಿ1815ರದ್ದು ಎಮಿಟರ್, ಕಲೆಕ್ಟರ್, ಬೇಸ್ ಎಂದು ಸಾಗುತ್ತದೆ. 2ಎನ್3904ರದ್ದು ಎಮಿಟರ್, ಬೇಸ್, ಕಲೆಕ್ಟರ್. ಒಂದರ ತೂತಿಗೆ ಇನ್ನೊಂದನ್ನು ಹಾಗೇ ಇಳಿಸಿದರೆ ಸದ್ದು ಸತ್ತುಹೋಗುತ್ತದೆ.

ಎಲ್ಲ ವೋಲ್ಟೇಜೂ ಸರಿ ಇದ್ದು ಸದ್ದು ಮಾತ್ರ ಇಲ್ಲದಿದ್ದರೆ ಪ್ರೋಬ್ ಕಟ್ಟಿಕೊಳ್ಳಿ. ಹಳೆಯ ಗಿಟಾರ್ ಕೇಬಲಿನ ಒಂದು ತುದಿ ಕತ್ತರಿಸಿ, ಹೊರಜಾಲರಿಯನ್ನು ಕ್ಲಿಪ್ ಮೂಲಕ ಪೆಡಲಿನ ನೆಲಕ್ಕೆ, ಒಳತಂತಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದು ಅದರ ಇನ್ನೊಂದು ಕಾಲನ್ನೇ ಮೂಗಿನಂತೆ ಬಳಸಿ. ಇನ್ನೊಂದು ತುದಿ ಆಂಪಿಗೆ, ವಾಲ್ಯೂಮ್ ಬಹಳ ಕೆಳಗೆ. ಇನ್‌ಪುಟ್‌ಗೆ ಫೋನಿನಿಂದ ಯಾವುದಾದರೂ ಗಿಟಾರ್ ರೆಕಾರ್ಡಿಂಗ್ ಮೆಲುದನಿಯಲ್ಲಿ ಹಾಕಿ. ಮೊದಲ ಟ್ರಾನ್ಸಿಸ್ಟರಿನ ಎಮಿಟರಿನಲ್ಲಿ ಸದ್ದು ಶುಭ್ರವಾಗಿ ಕೇಳಬೇಕು. ಮೂರನೇ ಕಾಲಿನಲ್ಲೂ ಹಾಗೇ. ಒಂದನೇ ಕಾಲಿನಲ್ಲಿ ಜೋರಾಗಿ, ಕೊರೆಯುವಂತೆ. ಏಳನೆಯದರಲ್ಲಿ ಅದೇ ಸದ್ದು ಸ್ವಲ್ಪ ಮೆತ್ತಗೆ. ಆಮೇಲೆ ವಾಲ್ಯೂಮ್ ಪಾಟಿನ ನಡುಕಾಲು, ಕೊನೆಯ ಟ್ರಾನ್ಸಿಸ್ಟರ್. ಎಲ್ಲಿಯವರೆಗೆ ಕೇಳಿ ಎಲ್ಲಿ ನಿಂತಿತೋ ಆ ಎರಡು ಬಿಂದುಗಳ ನಡುವಿನ ಎರಡು ಮೂರು ಭಾಗಗಳಲ್ಲೇ ಕಳ್ಳ ಇದ್ದಾನೆ. ಕೆಲವು ಬೋರ್ಡುಗಳಲ್ಲಿ ಐಸಿಯ ಎರಡು ಅರ್ಧಗಳನ್ನು ಅದಲುಬದಲು ಬಳಸಿರುತ್ತಾರೆ, ಅದನ್ನು ನೆನಪಿಡಿ. ಈ ಪ್ರೋಬನ್ನು ಪೆಡಲಿನೊಳಗೆ ಮಾತ್ರ ಆಡಿಸಿ. ವಾಲ್ವ್ ಆಂಪಿನೊಳಗೆ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ, ಅಲ್ಲಿ ಈ ಆಟ ಬೇಡವೇ ಬೇಡ.

ಸದ್ದಿದೆ, ಡ್ರೈವ್ ಇಲ್ಲ

ಈ ಸರ್ಕ್ಯೂಟಿನ ಅತ್ಯಂತ ಕುತೂಹಲದ ದೋಷ ಇದು. ಪೆಡಲ್ ಆನ್ ಮಾಡಿದರೆ ಸದ್ದು ಬರುತ್ತದೆ, ಆದರೆ ಗಿಟಾರಿನ ಸದ್ದಿಗಿಂತ ಹೆಚ್ಚೇನಿಲ್ಲ. ಡ್ರೈವ್ ಪಾಟ್ ತಿರುಗಿಸಿದರೆ ಬದಲಾವಣೆಯೇ ಇಲ್ಲ.

ಲೆಕ್ಕ ಹೀಗಿದೆ. ಐಸಿಯ ಒಂದನೇ ಕಾಲಿನಿಂದ ಎರಡನೇ ಕಾಲಿಗೆ 51 ಕಿಲೋಓಮ್ ಮತ್ತು 500 ಕಿಲೋಓಮ್ ಡ್ರೈವ್ ಪಾಟ್ ಸಾಲಾಗಿ ಹಿಂದಿರುಗುತ್ತವೆ. ಎರಡನೇ ಕಾಲಿನಿಂದ 4.7 ಕಿಲೋಓಮ್ ಮತ್ತು 0.047 ಮೈಕ್ರೋಫ್ಯಾರಡ್ ನೆಲಕ್ಕೆ ಇಳಿಯುತ್ತವೆ. ಪಾಟ್ ಕೆಳಗಿದ್ದಾಗ ಸುಮಾರು 12 ಪಟ್ಟು, ಪೂರ್ತಿ ಮೇಲಿದ್ದಾಗ ಸುಮಾರು 118 ಪಟ್ಟು ಹಿಗ್ಗು (ಗೇನ್, ಅಂದರೆ ಸದ್ದು ದೊಡ್ಡದಾಗುವ ಪ್ರಮಾಣ). ನೆಲಕ್ಕಿಳಿಯುವ ಕವಲು ಎಲ್ಲಾದರೂ ಕಡಿದರೆ ಹಿಗ್ಗು ಒಂದಕ್ಕಿಳಿಯುತ್ತದೆ. ಹಿಂದಿರುಗುವ ದಾರಿ ಶಾರ್ಟ್ ಆದರೂ ಒಂದೇ. ಎರಡರಲ್ಲೂ ವೋಲ್ಟೇಜುಗಳು 4.5ರಲ್ಲೇ ನಿಂತಿರುತ್ತವೆ, ಅದಕ್ಕೇ ಮೀಟರ್ ಹಿಡಿದವರು ಇಲ್ಲಿ ದಾರಿತಪ್ಪುವುದು.

ಕಳೆದ ಮಳೆಗಾಲದಲ್ಲಿ ಬಂದ ಒಂದು ಕಿಟ್ ಪೆಡಲ್ ಇದೇ ರೋಗದ್ದು. ಐಸಿಯನ್ನು ಆಗಲೇ ಎರಡು ಸಲ ಬದಲಿಸಿದ್ದರು. ಪ್ರೋಬ್ ಇಟ್ಟರೆ ಒಂದು, ಎರಡು, ಮೂರು ಮೂರೂ ಕಾಲಿನಲ್ಲಿ ಒಂದೇ ಮಟ್ಟದ ಶುಭ್ರ ಸದ್ದು. ಕರೆಂಟ್ ತೆಗೆದು, ಮೀಟರನ್ನು ಡಯೋಡ್ ಪರೀಕ್ಷೆಗಿಟ್ಟು ಎರಡು ಕ್ಲಿಪ್ಪಿಂಗ್ ಡಯೋಡ್‌ಗಳ ಮೇಲೆ ಮುಟ್ಟಿಸಿದೆ. ಇವು ಒಂದಕ್ಕೊಂದು ಎದುರುಬದುರಾಗಿ ಕೂತಿರುವುದರಿಂದ ಕಡ್ಡಿ ಹೇಗೇ ಹಿಡಿದರೂ 0.5ರಿಂದ 0.6 ಬರಬೇಕು. ಬಂದದ್ದು ಎರಡು ಕಡೆಯೂ ಸೊನ್ನೆ, ಜತೆಗೆ ಬೀಪ್. ಒಂದು ಡಯೋಡಿನ ಒಂದು ಕಾಲು ಎತ್ತಿದೆ, ಬಿಡಿಯಾಗಿ ಅಳೆದರೆ ಡಯೋಡ್ ಚೆನ್ನಾಗಿದೆ. ಇನ್ನೊಂದರದ್ದು ಎತ್ತಿದೆ, ಅದೂ ಚೆನ್ನಾಗಿದೆ. ಎರಡೂ ಎದ್ದಿರುವಾಗಲೂ ಪ್ಯಾಡುಗಳ ನಡುವೆ ಬೀಪ್ ನಿಲ್ಲಲಿಲ್ಲ. ಭೂತಗನ್ನಡಿ ಹಿಡಿದು ಬೋರ್ಡನ್ನು ಬೆಳಕಿಗೆ ಓರೆ ಮಾಡಿದಾಗ ಕಂಡದ್ದು ಎರಡು ಪ್ಯಾಡುಗಳ ನಡುವೆ ಫ್ಲಕ್ಸಿನ ಕಂದು ಪೊರೆಯ ಕೆಳಗೆ ಅಡಗಿದ್ದ ಬೆಸುಗೆಯ ಒಂದು ಎಳೆ. ಬ್ಲೇಡಿನ ತುದಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಶ್ ಮಾಡಿ ಡಯೋಡ್ ಕೂರಿಸಿದೆ. ಡ್ರೈವ್ ಬಂತು.

ಡಯೋಡ್‌ಗಳಲ್ಲಿ ಒಂದೇ ಕಡಿದಿದ್ದರೆ ರೋಗ ಬೇರೆ: ಸದ್ದು ಮೊದಲಿಗಿಂತ ಜೋರು, ಒರಟು. ಎರಡೂ ಕಡಿದಿದ್ದರೆ ಇನ್ನೂ ಜೋರು, ಏಕೆಂದರೆ ಆಗ ಸದ್ದು ಕತ್ತರಿಸಿಕೊಳ್ಳುವುದು ಐಸಿಯ ಸ್ವಂತ ಮಿತಿಗೆ ಬಡಿದು, ಅದು ಕಿವಿಗೆ ಚುಚ್ಚುತ್ತದೆ. 1ಎನ್914ರ ಬದಲು 1ಎನ್4148 ಧಾರಾಳವಾಗಿ ಹಾಕಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅದೂ 4558ನೂ ಸಿಗುತ್ತವೆ.

ಗುಂಯ್, ಚರಚರ, ಟಪ್

ಗುಂಯ್‌ಗುಡುವ ಸದ್ದಿಗೆ ಒಂದೇ ಪ್ರಶ್ನೆ: ಬ್ಯಾಟರಿಯಲ್ಲಿ ಇರುತ್ತದೆಯೇ? ಬ್ಯಾಟರಿಯಲ್ಲಿ ಹೋದರೆ ಅಡಾಪ್ಟರ್ ಅಪರಾಧಿ, ಪೆಡಲನ್ನು ಮುಟ್ಟಬೇಡಿ. ಬ್ಯಾಟರಿಯಲ್ಲೂ ಇದ್ದು, ಡಬ್ಬಿಗೆ ಕೈ ಇಟ್ಟಾಗ ಕಡಿಮೆಯಾದರೆ ಡಬ್ಬಿ ನೆಲಕ್ಕೆ ಸೇರಿಲ್ಲ. ಪೇಂಟ್ ಬಳಿದ ಡಬ್ಬಿಯಲ್ಲಿ ಜ್ಯಾಕಿನ ವಾಷರ್ ಲೋಹಕ್ಕೆ ತಾಗಿರುವುದಿಲ್ಲ, ತೂತಿನ ಒಳಭಾಗದಲ್ಲಿ ಪೇಂಟನ್ನು ಸ್ವಲ್ಪ ಕೆರೆಯಿರಿ. ಎರಡು ಪಿನ್ನಿನ ಪ್ಲಗ್ ಇರುವ, ಅರ್ಥಿಂಗ್ ಇಲ್ಲದ ಮನೆಯಲ್ಲಿ ತಂತಿ ಮುಟ್ಟಿದಾಗ ಚುರುಕ್ ಅನ್ನುತ್ತಿದ್ದರೆ ಅದು ಪೆಡಲಿನ ವಿಷಯವಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಅಲ್ಲಿಯವರೆಗೆ ನುಡಿಸಬೇಡಿ.

ಡ್ರೈವ್ ಪೂರ್ತಿ ಏರಿಸಿದಾಗ ಕೀರಲು ಕೂಗು ಹುಟ್ಟಿದರೆ ಇನ್‌ಪುಟ್ ಮತ್ತು ಔಟ್‌ಪುಟ್ ತಂತಿಗಳನ್ನು ಒಂದರಿಂದ ಒಂದು ದೂರ ಸರಿಸಿ. ಡಯೋಡ್‌ಗಳಿಗೆ ಸಮಾನಾಂತರವಾಗಿ ಇರಬೇಕಾದ 51 ಪಿಕೊಫ್ಯಾರಡ್ ಪುಟ್ಟ ಕೆಪಾಸಿಟರ್ ಬಿಟ್ಟುಹೋಗಿದೆಯೇ ನೋಡಿ. ಪಾಟ್ ತಿರುಗಿಸಿದಾಗ ಚರಚರ ಎಂದರೆ ಕ್ಲೀನರ್ ಹಾಕಿ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ತೊಳೆದ ಮೇಲೂ ಹೋಗದಿದ್ದರೆ ಪಾಟಿನ ಮೇಲೆ ಡಿಸಿ ಬರುತ್ತಿದೆ, ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ (ಸದ್ದನ್ನು ಬಿಟ್ಟು ಡಿಸಿಯನ್ನು ತಡೆಯುವುದು) ಸೋರುತ್ತಿದೆ. ಟ್ರೂ ಬೈಪಾಸ್ ಪೆಡಲ್ ಒತ್ತಿದಾಗ ಟಪ್ ಎನ್ನುವುದಕ್ಕೂ ಹೆಚ್ಚಾಗಿ ಇಂಥ ಸೋರಿಕೆಯೇ ಕಾರಣ, ಅಥವಾ ಇನ್‌ಪುಟ್‌ನಿಂದ ನೆಲಕ್ಕೆ ಇರಬೇಕಾದ 1 ಮೆಗಾಓಮ್ ರೆಸಿಸ್ಟರ್ ಇಲ್ಲದಿರುವುದು.

ಟೋನ್ ಪಾಟ್ ಒಂದು ತುದಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ ಎಂಬ ದೂರೂ ಬರುತ್ತದೆ. ಮೂಲದಲ್ಲಿ ಇರುವುದು ವಿಶೇಷ ತಿರುವಿನ 20 ಕಿಲೋಓಮ್ ಪಾಟ್. ಅದರ ಜಾಗದಲ್ಲಿ ಸಾಧಾರಣ ಲೀನಿಯರ್ ಪಾಟ್ ಹಾಕಿದರೆ ಬದಲಾವಣೆಯೆಲ್ಲ ತುದಿಗೆ ಹೋಗಿ ಗುಂಪುಗೂಡುತ್ತದೆ. ಕೆಟ್ಟಿಲ್ಲ, ಭಾಗ ಬೇರೆ ಅಷ್ಟೆ.

ಹಾಗೆಯೇ, ಪೆಡಲ್ ಆನ್ ಮಾಡಿದರೆ ಬಾಸ್ ತೆಳುವಾಗುತ್ತದೆ ಎಂದು ರಿಪೇರಿಗೆ ತರುವವರಿದ್ದಾರೆ. ಆ 4.7 ಕಿಲೋಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸೇರಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಹಿಗ್ಗನ್ನು ಕಡಿಮೆ ಮಾಡುತ್ತವೆ. ಗಿಟಾರಿನ ಕೆಳಗಿನ ಇ ತಂತಿಯ ಮೂಲಸ್ವರ 82 ಹರ್ಟ್ಸ್ ಮಾತ್ರ. ಟೋನ್ ಭಾಗ ಮೇಲಿನದನ್ನು ಸವರುತ್ತದೆ, ನಡುವಿನದು ಉಬ್ಬಿ ನಿಲ್ಲುತ್ತದೆ. ಬ್ಯಾಂಡಿನ ಬಾಸ್ ಮತ್ತು ಡ್ರಮ್ಸ್ ನಡುವೆ ಗಿಟಾರ್ ಸೀಳಿಕೊಂಡು ಬರುವುದು ಇದರಿಂದಲೇ. ಮಲಗುವ ಕೋಣೆಯಲ್ಲಿ ಒಂಟಿಯಾಗಿ ಕೇಳಿ ಇದನ್ನು ದೋಷ ಎನ್ನಬೇಡಿ. ಅದರಲ್ಲೂ ನಿಮ್ಮ ಕೈಯಲ್ಲಿರುವುದು ಎಂಬತ್ತರ ದಶಕದ ನಿಜವಾದ ಪೆಡಲ್ ಆಗಿದ್ದರೆ, ಅಳೆದು ಕೆಟ್ಟದ್ದೆಂದು ಖಚಿತವಾಗದ ಒಂದೇ ಒಂದು ಭಾಗವನ್ನೂ ಕೀಳಬೇಡಿ. ಕಿತ್ತ ಮೂಲ ಭಾಗಗಳನ್ನು ಪುಟ್ಟ ಪೊಟ್ಟಣದಲ್ಲಿ ಹಾಕಿ ಒಡೆಯರಿಗೆ ಹಿಂದಿರುಗಿಸಿ.

ಎಲ್ಲ ಸರಿಯಾಗಿ, ಮುಚ್ಚಳ ಹಾಕಿದ ಕೂಡಲೇ ಮತ್ತೆ ಸತ್ತರೆ ಯಾವುದೋ ಲೋಹ ಇನ್ನೊಂದಕ್ಕೆ ತಾಗುತ್ತಿದೆ. ಪಾಟಿನ ಬೆನ್ನು ಬೋರ್ಡಿನ ಬೆಸುಗೆಗೆ, ಸ್ವಿಚ್ಚಿನ ಕಾಲು ಮುಚ್ಚಳಕ್ಕೆ, ಅಥವಾ ಒಳಹೊಕ್ಕ ಪ್ಲಗ್ಗಿನ ತುದಿ ಪಕ್ಕದ ಕೆಪಾಸಿಟರಿನ ಕಾಲಿಗೆ. ಕೇಬಲ್ ಎರಡೂ ಚುಚ್ಚಿಟ್ಟೇ ಒಳಗೆ ಇಣುಕಿ ನೋಡಿ, ಪಾಟುಗಳ ಬೆನ್ನಿಗೆ ದಪ್ಪ ಇನ್ಸುಲೇಷನ್ ಟೇಪ್ ಅಂಟಿಸಿ, ಉದ್ದ ಉಳಿದ ಕಾಲುಗಳನ್ನು ಕತ್ತರಿಸಿ. ಆಮೇಲೆ ನಾಲ್ಕೂ ಸ್ಕ್ರೂ ಬಿಗಿದು, ಒಮ್ಮೆ ಬ್ಯಾಟರಿಯಲ್ಲಿ, ಒಮ್ಮೆ ಅಡಾಪ್ಟರಿನಲ್ಲಿ ನುಡಿಸಿ ನೋಡಿ ಕೊಡಿ.